ಅಡುಗೆಮನೆ ಪ್ರಶ್ನೋತ್ತರ: ಮಾಂಸದ ಬದಲಿಗೆ ಸೋಯಾ, ಎಳೆ ಹಲಸು, ಅಣಬೆ

ಪ್ರಶ್ನೆ: ಶ್ರಾವಣ ಮಾಸ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಬಾಡೂಟ ಮಾಡುವುದಿಲ್ಲ. ಆ ದಿನಗಳಲ್ಲಿ ಸೋಯಾ ಚಂಕ್ಸ್ ಹಾಕಿ ಕೋಳಿ ಸಾರಿನ ಮಸಾಲೆಯಲ್ಲೇ ಸಾರು ಮಾಡುತ್ತೇನೆ. ಆದರೆ ಸಾರು ತೆಳ್ಳಗಾಗುತ್ತದೆ, ಸೋಯಾ ಸಪ್ಪೆಯಾಗಿ ಒಂದು ಬಗೆಯ ಹಸಿ ವಾಸನೆ ಬರುತ್ತದೆ, ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ತಳ್ಳಿ ಮುದ್ದೆಯನ್ನಷ್ಟೇ ಉಣ್ಣುತ್ತಾರೆ. ಎಲ್ಲಿ ತಪ್ಪುತ್ತಿದೆ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ನಿಮ್ಮ ಮಸಾಲೆಯಲ್ಲಿ ತಪ್ಪಿಲ್ಲ. ಮಾಂಸಕ್ಕಾಗಿ ರೂಪಿಸಿದ ಕ್ರಮವನ್ನು ಸೋಯಾಕ್ಕೂ ಹಾಗೆಯೇ ಅನ್ವಯಿಸಿರುವುದರಿಂದ ಈ ತೊಂದರೆ ಬಂದಿದೆ. ಕೋಳಿಯಾಗಲಿ ಕುರಿಯಾಗಲಿ ಬೇಯುವಾಗ ತನ್ನ ಕೊಬ್ಬನ್ನೂ ರಸವನ್ನೂ ಸಾರಿಗೆ ಬಿಟ್ಟುಕೊಡುತ್ತದೆ. ಸೋಯಾ ಏನನ್ನೂ ಬಿಡುವುದಿಲ್ಲ, ಹೀರಿಕೊಳ್ಳುತ್ತದೆ ಅಷ್ಟೆ. ಸೋಯಾಬೀನಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿಗೆ ನೀರು ಸೇರಿಸಿ, ಬಿಸಿ ಮತ್ತು ಒತ್ತಡದಲ್ಲಿ ಯಂತ್ರದ ಸಣ್ಣ ಕಂಡಿಯಿಂದ ಹೊರದೂಡಿದಾಗ ಅದರ ಪ್ರೋಟೀನು ಎಳೆಎಳೆಯಾಗಿ ಜೋಡಿಕೊಂಡು, ಒಳಗೆಲ್ಲ ಸಣ್ಣ ರಂಧ್ರಗಳು ಉಳಿದು ಗಟ್ಟಿಯಾಗುತ್ತದೆ. ನಾವು ಮೀಲ್ ಮೇಕರ್ ಎಂದು ಕರೆಯುವ ಈ ಉಂಡೆಗೆ ಸ್ಪಂಜಿನ ಗುಣ ಬಂದಿರುವುದು ಹೀಗೆ. ಆ ರಂಧ್ರಗಳಲ್ಲಿ ಮೊದಲೇ ನೀರು ತುಂಬಿದ್ದರೆ ಮಸಾಲೆ ಒಳಹೋಗಲು ಜಾಗವೇ ಇರುವುದಿಲ್ಲ.

ನಾಲ್ಕು ಜನರಿಗೆ ಸುಮಾರು 100 ಗ್ರಾಂ ಒಣ ಸೋಯಾ ಸಾಕು. ಉಪ್ಪು ಮತ್ತು ಚಿಟಿಕೆ ಅರಿಶಿನ ಹಾಕಿದ ಕುದಿಯುವ ನೀರಿನಲ್ಲಿ ಐದಾರು ನಿಮಿಷ ಬೇಯಿಸಿ, ಬಸಿದು, ತಣ್ಣೀರಿಗೆ ಹಾಕಿ ಅಂಗೈಗಳ ನಡುವೆ ಚೆನ್ನಾಗಿ ಹಿಂಡಿರಿ. ಮೊದಲ ಸಲ ನೊರೆಗೂಡಿದ ಬೆಳ್ಳನೆಯ ನೀರು ಬರುತ್ತದೆ. ನಿಮ್ಮ ಮಕ್ಕಳು ಒಲ್ಲದ ಹಸಿ ವಾಸನೆಯ ಬಹುಭಾಗ ಇರುವುದು ಅದರಲ್ಲಿ. ನೀರು ಬದಲಿಸಿ, ನೊರೆ ನಿಲ್ಲುವವರೆಗೆ ಹಿಂಡಬೇಕು. ಆಮೇಲೆ ದೊಡ್ಡ ಉಂಡೆಗಳನ್ನು ಕೈಯಿಂದಲೇ ಎರಡಾಗಿ ಹರಿಯಿರಿ, ಏಕೆಂದರೆ ಚಾಕುವಿನಿಂದ ಕತ್ತರಿಸಿದ ನುಣುಪು ಅಂಚಿಗಿಂತ ಹರಿದ ಒರಟು ಅಂಚಿಗೆ ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಸ್ವಲ್ಪ ಹುಳಿ ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು ಕಲಸಿ ಅರ್ಧ ಗಂಟೆ ಬಿಟ್ಟು, ಈರುಳ್ಳಿಯ ಜೊತೆ ಎಣ್ಣೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿಯಿರಿ. ಈ ಹುರಿಯುವ ಹಂತವನ್ನು ದಯವಿಟ್ಟು ಬಿಡಬೇಡಿ.

ಇನ್ನು ಸಾರಿನ ತೆಳುವಿನ ವಿಚಾರ. ಮಾಂಸದಿಂದ ಬರಬೇಕಿದ್ದ ಜಿಡ್ಡು ಇಲ್ಲಿ ಇಲ್ಲವಾದ್ದರಿಂದ, ರುಬ್ಬುವಾಗ ತೆಂಗಿನಕಾಯಿಯನ್ನು ಒಂದು ಹಿಡಿ ಹೆಚ್ಚಿಸಿ, ಗಸಗಸೆಯನ್ನು ಸೇರಿಸಿ. ಇದಕ್ಕಿಂತ ಮುಖ್ಯವಾಗಿ, ಬರಿ ನೀರಿನ ಬದಲು ಹುರುಳಿಕಟ್ಟನ್ನು ಬಳಸಿರಿ. ಬೇಯಿಸಿ ಬಸಿದ ಹುರುಳಿಯ ಕಟ್ಟಿಗೆ ಬೇರೆ ಯಾವ ಕಾಳಿನಲ್ಲೂ ಸಿಗದ ಗಾಢವಾದ ರುಚಿಯಿದೆ. ಹಾಸನದ ಸೀಮೆಯ ಅಡುಗೆಮನೆಗೆ ಅದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಮಸಾಲೆ ಸಾರಿಗೆ ಅದನ್ನು ಆಧಾರ ಮಾಡಿಕೊಂಡರೆ ಮುದ್ದೆಗೆ ಬೇಕಾದ ಮಂದವೂ ಬರುತ್ತದೆ. ಬೆಳಿಗ್ಗೆ ಮಾಡಿಟ್ಟ ಸಾರನ್ನು ರಾತ್ರಿ ಬಿಸಿ ಮಾಡಿ ಬಡಿಸಿದರೆ ಸೋಯಾ ಇನ್ನಷ್ಟು ರುಚಿಯಾಗಿರುತ್ತದೆ.

ಮಕ್ಕಳಿಗೆ ಉಂಡೆಯ ರೂಪವೇ ಹಿಡಿಸದಿದ್ದರೆ ಸೋಯಾದ ಸಣ್ಣ ರವೆಯನ್ನು ತಂದು ಕೈಮಾ ಉಂಡೆಯ ಕ್ರಮದಲ್ಲಿ ಮಾಡಿ ನೋಡಿ. ಬಿಸಿನೀರಿನಲ್ಲಿ ನೆನೆಸಿ ಹಿಂಡಿದ ರವೆಗೆ ಹುರಿಗಡಲೆ ಹಿಟ್ಟು, ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಚಕ್ಕೆ-ಲವಂಗದ ಪುಡಿ ಸೇರಿಸಿ ತರಿತರಿಯಾಗಿ ರುಬ್ಬಿ ಉಂಡೆ ಕಟ್ಟಬೇಕು. ಮಾಂಸದ ಕೈಮಾಕ್ಕೆ ತಾನೇ ಕೂಡಿಕೊಳ್ಳುವ ಗುಣವಿದೆ, ಇದಕ್ಕಿಲ್ಲ. ಹಸಿ ಉಂಡೆಯನ್ನು ನೇರವಾಗಿ ಕುದಿಯುವ ಸಾರಿಗೆ ಬಿಟ್ಟರೆ ಒಡೆದುಹೋಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿಕೊಂಡು ಕೊನೆಯಲ್ಲಿ ಸೇರಿಸಿರಿ.

ಪ್ರಶ್ನೆ: ಆರೋಗ್ಯದ ಕಾರಣಕ್ಕೆ ನಾನು ಮಾಂಸಾಹಾರವನ್ನು ಸಂಪೂರ್ಣವಾಗಿ ಬಿಟ್ಟಿದ್ದೇನೆ. ತೋಟದಲ್ಲಿ ಎಳೆ ಹಲಸು ಸಿಗುತ್ತದೆ, ಪೇಟೆಯಿಂದ ಅಣಬೆ ತರುತ್ತೇವೆ. ಕಡುಬಿನ ಜೊತೆ ಇವೆರಡರ ಸಾರು ಮಾಂಸದ ಸಾರಿನಂತೆಯೇ ರುಚಿಸುತ್ತದೆ. ಶಕ್ತಿಗೂ ಇವು ಸಾಕೇ?
– ಓದುಗರು, ಮೂಡಿಗೆರೆ

ಉತ್ತರ: ರುಚಿಗೆ ಖಂಡಿತ ಸಾಕು, ಪ್ರೋಟೀನಿಗೆ ಸಾಲದು. ಬೆಂದ ಎಳೆ ಹಲಸಿನ ನಾರು ಬಾಯಿಗೆ ಮಾಂಸದಂತೆಯೇ ಸಿಗುವುದರಿಂದ ಸತ್ವವೂ ಹಾಗೆಯೇ ಇರಬೇಕೆಂದು ಬಹಳ ಜನ ನಂಬಿದ್ದಾರೆ. ವಾಸ್ತವವಾಗಿ 100 ಗ್ರಾಂ ಹಲಸಿನಕಾಯಿಯಲ್ಲಿ ಸುಮಾರು 2 ಗ್ರಾಂ, ಅಷ್ಟೇ ತೂಕದ ತಾಜಾ ಅಣಬೆಯಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದ್ದರೆ, ಕೋಳಿ ಮಾಂಸದಲ್ಲಿ 20 ಗ್ರಾಂಗೂ ಹೆಚ್ಚಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ನಿಮಗೆ ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಈ ಲೆಕ್ಕವನ್ನು ಬಿಟ್ಟು ವೈದ್ಯರ ಮಾತಿನಂತೆ ನಡೆಯಿರಿ.

ಆದ್ದರಿಂದ ಹಲಸಿನ ಸಾರನ್ನು ಬಿಡಬೇಡಿ, ಆದರೆ ಅದಕ್ಕೆ ನೆನೆಸಿದ ಕಡಲೆಕಾಳನ್ನೋ ಅವರೆಕಾಳನ್ನೋ ಧಾರಾಳವಾಗಿ ಸೇರಿಸಿರಿ. ಒಣ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 50 ಗ್ರಾಂ ಇರುತ್ತದೆ. ಆದರೆ ಪೊಟ್ಟಣದ ಮೇಲಿನ ಅಂಕಿ ಒಣ ತೂಕಕ್ಕೆ ಸಂಬಂಧಿಸಿದ್ದು, ನೀರು ಕುಡಿದು ಉಬ್ಬಿದ ಸೋಯಾದ ಬಟ್ಟಲಿಗೆ ಅದನ್ನು ಲೆಕ್ಕ ಹಾಕಬಾರದು. ಇನ್ನೆರಡು ವಿಷಯಗಳನ್ನು ಮಾಂಸ ಬಿಟ್ಟವರು ತಿಳಿದಿರಲೇಬೇಕು. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಸಹಜವಾಗಿ ಇರುವುದಿಲ್ಲವೆಂದೇ ತಿಳಿಯಬೇಕು, ಹಾಲು-ಮೊಸರು, ಮೊಟ್ಟೆ ಅಥವಾ ವೈದ್ಯರು ಹೇಳಿದ ಬಿ12 ಗುಳಿಗೆಯಿಂದ ಪಡೆಯಬೇಕು. ಸುಸ್ತು, ಕೈಕಾಲು ಜೋಮು ಕಾಣಿಸಿದರೆ ರಕ್ತಪರೀಕ್ಷೆ ಮಾಡಿಸಿರಿ. ಕಾಳು-ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಕಾಫಿ ಅಡ್ಡಿ ಮಾಡುತ್ತದೆ. ಕಾಫಿ ನಾಡಿನವರಿಗೆ ಈ ಮಾತು ಹೇಳುವುದು ಕಷ್ಟವಾದರೂ, ಊಟವಾದ ತಕ್ಷಣದ ಲೋಟವನ್ನು ಒಂದು ಗಂಟೆ ಮುಂದೆ ಹಾಕಿ, ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಿ.

ಮಳೆ ಶುರುವಾದಾಗ ತೋಟದಲ್ಲಿ ಏಳುವ ಅಣಬೆಯನ್ನು, ಖಚಿತವಾಗಿ ಗುರುತು ಬಲ್ಲವರು ಕಿತ್ತುಕೊಟ್ಟದ್ದಲ್ಲದಿದ್ದರೆ ಮನೆಯೊಳಗೆ ತರಲೇಬೇಡಿ.

ಪ್ರಶ್ನೆ: ನಾವು ಹುಟ್ಟಾ ಸಸ್ಯಾಹಾರಿಗಳು. ಮಗ ಹಾಸ್ಟೆಲಿನಲ್ಲಿ ಸೋಯಾ ರೂಢಿ ಮಾಡಿಕೊಂಡು ಬಂದಿದ್ದಾನೆ. ಅತ್ತೆಯವರು ಅದು ಮಾಂಸದಂತೆ ಕಾಣುತ್ತದೆಂದು ಒಲೆ ಹತ್ತಿರ ಬಿಡುವುದಿಲ್ಲ. ಅದು ನಿಜವಾಗಿ ಸಸ್ಯಾಹಾರವೇ?
– ಓದುಗರು, ಕಡೂರು

ಉತ್ತರ: ಹೌದು, ಅದು ಕಾಳಿನ ಹಿಟ್ಟು. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ಅತ್ತೆಯವರಿಗೆ ತೋರಿಸಿರಿ. ಆದರೂ ಕಣ್ಣಿಗೆ ಒಗ್ಗದ್ದನ್ನು ಉಣ್ಣಲಾಗದ ಅವರ ಸಂಕಟ ನಿಜವಾದದ್ದು, ವಾದದಿಂದ ಅದನ್ನು ಗೆಲ್ಲಬಾರದು. ಸಣ್ಣ ರವೆಯನ್ನು ಹುರುಳಿಕಾಯಿ ಪಲ್ಯಕ್ಕೋ ವಾಂಗೀಬಾತಿಗೋ ಹಾಕಿ, ಹಾಕಿರುವುದನ್ನು ಅವರಿಗೆ ತಿಳಿಸಿಯೇ ಬಡಿಸಿರಿ. ಕೋಳಿಯದೇ ರುಚಿಯೆಂದು ಮಾರುವ ತಣ್ಣನೆಯ ಪೊಟ್ಟಣಗಳು ನಿಮ್ಮ ಮನೆಗೆ ಬೇಡ. ಅವುಗಳಲ್ಲಿ ಬೆಲೆಯೂ ಹೆಚ್ಚು, ಹಲವದರಲ್ಲಿ ಉಪ್ಪೂ ಹೆಚ್ಚು.

ಪ್ರಶ್ನೆ: ಥೈರಾಯ್ಡ್ ಗುಳಿಗೆ ನುಂಗುವವರು ಸೋಯಾ ತಿನ್ನಬಹುದೇ?
– ಓದುಗರು, ಸಕಲೇಶಪುರ

ಉತ್ತರ: ತಿನ್ನಬಹುದು, ಗುಳಿಗೆಯ ಹೊತ್ತಿಗೆ ಮಾತ್ರ ಬೇಡ. ಸೋಯಾ ಆ ಔಷಧವನ್ನು ಕರುಳು ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದವರು ಸೋಯಾವನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡರೆ ನಾಲ್ಕು ಗಂಟೆಯ ಅಂತರ ತಾನಾಗಿ ಸಿಗುತ್ತದೆ. ವಾರಕ್ಕೊಮ್ಮೆ ತಿನ್ನುತ್ತಿದ್ದುದನ್ನು ದಿನವೂ ತಿನ್ನುವ ರೂಢಿಗೆ ತರುವುದಾದರೆ ಮೊದಲೇ ವೈದ್ಯರಿಗೆ ಹೇಳಿರಿ; ಗುಳಿಗೆಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ಅವರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ನೋಡಿ ನಿರ್ಧರಿಸುತ್ತಾರೆ.