ವಿಂಡೋಸ್ ಜೊತೆಗಿರುವ ಉಬುಂಟು ತೆಗೆದು, ಆ ಜಾಗ ವಾಪಸ್ ಪಡೆಯುವುದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ, ಜೊತೆಗೆ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ್ದೀರಿ. ಈಗ ಅದು ಬೇಡ. ಅದು ಹಿಡಿದುಕೊಂಡಿರುವ 120 ಜಿಬಿ ಸಿ ಡ್ರೈವ್‌ಗೆ ಬೇಕು, ಅದರ ಪಾರ್ಟಿಶನ್ (ಡಿಸ್ಕಿನಲ್ಲಿ ಅದಕ್ಕೆಂದು ಬೇರ್ಪಡಿಸಿದ ಭಾಗ) ಸುಮ್ನೆ ಡಿಲೀಟ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಡಿಲೀಟ್ ಮಾಡಬೇಕು ನಿಜ, ಆದರೆ ಅದು ಕೊನೆಯ ಕೆಲಸ. ಮೊದಲು, ಉಬುಂಟುವಿನ ಹಂಗಿಲ್ಲದೆ ವಿಂಡೋಸ್ ತಾನಾಗಿ ಶುರುವಾಗುತ್ತದಾ ಅಂತ ನೋಡಿಕೊಳ್ಳಿ.

ನಾನು ಮೊದಲ ಸಲ ಮಾಡಿದ್ದು ಉಲ್ಟಾ. ಹಳೇ ಮೆಷಿನ್. ಪಾರ್ಟಿಶನ್ ಅಳಿಸಿ, ಜಾಗ ಸಿಕ್ಕಿತು ಅಂತ ಖುಷಿಯಲ್ಲಿ ರೀಸ್ಟಾರ್ಟ್ ಕೊಟ್ಟೆ. ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಅಂತ ಎರಡು ಪದ, ಪಕ್ಕದಲ್ಲಿ ಮಿಣುಕುವ ಕರ್ಸರ್. ಅಷ್ಟೇ. ವಿಂಡೋಸ್ ಕೂಡ ಹೋಯ್ತು ಅಂದುಕೊಂಡೆ. ಹೋಗಿರಲಿಲ್ಲ, ಒಂದು ಫೈಲೂ ಅಲುಗಾಡಿರಲಿಲ್ಲ. ಗ್ರಬ್ ಅಂದರೆ, ಮೆಷಿನ್ ಆನ್ ಆದಾಗ ಉಬುಂಟುವೋ ವಿಂಡೋಸೋ ಅಂತ ಕೇಳಿ ಶುರು ಮಾಡುವ, ಉಬುಂಟು ಜೊತೆ ಬರುವ ಪ್ರೋಗ್ರಾಂ. ಮೆಷಿನ್ ಶುರುವಾಗುವ ಹಳೇ ಬಯಾಸ್ ಪದ್ಧತಿಯಲ್ಲಿ ಅದರ ಒಂದು ಚೂರು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ನಲ್ಲಿ, ಅಂದರೆ ಎಂಬಿಆರ್‌ನಲ್ಲಿ, ಕೂತಿರುತ್ತದೆ. ಅದಕ್ಕೆ ಬೇಕಾದ ಉಳಿದ ಫೈಲುಗಳೆಲ್ಲ ಲಿನಕ್ಸ್ ಪಾರ್ಟಿಶನ್‌ನಲ್ಲಿ. ಅದನ್ನೇ ನಾನು ಅಳಿಸಿಬಿಟ್ಟಿದ್ದೆ. ಇನ್ನೊಂದು ಕಂಪ್ಯೂಟರ್ ಹುಡುಕಿ, ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸಿ, ಅದರ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಕೊಟ್ಟ ಮೇಲೆ ವಿಂಡೋಸ್ ಬಂತು.

ನಿಮ್ಮದು ಹಾಗಿರುವ ಸಾಧ್ಯತೆ ಕಡಿಮೆ. ವಿಂಡೋಸ್ 11 ಇದೆ ಅಂದರೆ ಹೆಚ್ಚುಕಮ್ಮಿ ಯುಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಹೊಸ ಪದ್ಧತಿ) ಮೆಷಿನ್ನೇ. ಅನುಮಾನ ಇದ್ದರೆ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ‘ಬಯಾಸ್ ಮೋಡ್’ ಎದುರು ‘ಯುಇಎಫ್‌ಐ’ ಅಂತ ಇದೆಯಾ ನೋಡಿ. ಯುಇಎಫ್‌ಐನಲ್ಲಿ ಬೂಟ್ ಫೈಲುಗಳು ‘ಇಎಫ್‌ಐ ಸಿಸ್ಟಮ್ ಪಾರ್ಟಿಶನ್’ ಎಂಬ ಪುಟ್ಟ ಪಾರ್ಟಿಶನ್‌ನಲ್ಲಿರುತ್ತವೆ. ಸಾಮಾನ್ಯವಾಗಿ 100 ಎಂಬಿಯಿಂದ ಕೆಲವು ನೂರು ಎಂಬಿ. ಒಂದೇ ಡಿಸ್ಕಿನಲ್ಲಿ ಎರಡೂ ಇದ್ದರೆ, ವಿಂಡೋಸ್ ಮತ್ತು ಉಬುಂಟು ಅದನ್ನು ಹಂಚಿಕೊಂಡಿರುತ್ತವೆ: ಒಳಗೆ ಮೈಕ್ರೋಸಾಫ್ಟ್ ಫೋಲ್ಡರ್ ಒಂದು, ಉಬುಂಟು ಫೋಲ್ಡರ್ ಇನ್ನೊಂದು. ‘ಇದೂ ಲಿನಕ್ಸಿನದೇ ಇರಬೇಕು’ ಅಂತ ಆ ಪಾರ್ಟಿಶನ್ ಅಳಿಸಿದರೆ ಮಾತ್ರ ಕೆಟ್ಟಿರಿ.

ಈಗ ತಯಾರಿ. ಉಬುಂಟುವಿಗೆ ಕೊನೇ ಸಲ ಹೋಗಿ ನಿಮ್ಮ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ವಿಂಡೋಸ್‌ನಿಂದ ತೆಗೆದುಕೊಂಡರಾಯ್ತು ಅನ್ನಬೇಡಿ, ಉಬುಂಟು ಫೈಲುಗಳನ್ನಿಡುವ ಇಎಕ್ಸ್‌ಟಿ4 ಎಂಬ ವ್ಯವಸ್ಥೆಯನ್ನು ಅದು ತಾನಾಗಿ ಓದುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹೋಮ್ ಫೋಲ್ಡರಿನ ಅಡಗಿದ ಫೋಲ್ಡರುಗಳು ಕಾಣುತ್ತವೆ. ಎಸ್‌ಎಸ್‌ಎಚ್ ಕೀಗಳು (ಬೇರೆ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಕೀ ಫೈಲುಗಳು) ಅಲ್ಲೇ ಇರುತ್ತವೆ, ಜನ ಮರೆಯುವುದು ಅವನ್ನೇ. ಹಾಗೇ ‘ಡಿಸ್ಕ್ಸ್’ ಆ್ಯಪ್ ತೆರೆದು ಉಬುಂಟುವಿನ ಪಾರ್ಟಿಶನ್ ಯಾವುದು, ಎಷ್ಟು ದೊಡ್ಡದು ಅಂತ ಬರೆದಿಟ್ಟುಕೊಳ್ಳಿ. ಅಲ್ಲಿ 120 ಜಿಬಿ ಅಂತ ತೋರಿಸುವುದನ್ನೇ ವಿಂಡೋಸ್ ಸುಮಾರು 111.76 ಜಿಬಿ ಅನ್ನುತ್ತದೆ. ಒಂದು 1000ದ ಲೆಕ್ಕ, ಇನ್ನೊಂದು 1024ರ ಲೆಕ್ಕ. ಗಾಬರಿ ಬೇಡ.

ಇನ್ನೊಂದು ವಿಷಯ, ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಬೂಟ್ ಸೆಟ್ಟಿಂಗ್ ಬದಲಾದಾಗ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಏನು ಬಂತು, ಅಲ್ವಾ?

ಆಮೇಲೆ ಪರೀಕ್ಷೆ. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಕೀ (ಮೆಷಿನ್ ಮೇಲೆ ಹೋಗುತ್ತದೆ) ಒತ್ತಿ ಸೆಟಪ್‌ಗೆ ಹೋಗಿ. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಉಬುಂಟುವಿಗಿಂತ ಮೇಲಕ್ಕೆ ತಂದು ಸೇವ್ ಮಾಡಿ. ಗ್ರಬ್‌ನ ಆಯ್ಕೆ ಪಟ್ಟಿ ಬರದೆ ನೇರವಾಗಿ ವಿಂಡೋಸ್ ಬಂದರೆ ಪಾಸು. ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಮತ್ತೆ ಗ್ರಬ್ ಬಂತು ಅಂದರೆ ಸೆಟ್ಟಿಂಗ್ ಸೇವ್ ಆಗಿಲ್ಲ, ಡಿಲೀಟ್‌ಗೆ ಕೈ ಹಾಕಬೇಡಿ.

ಪಾಸಾದರೆ ಉಳಿದದ್ದು ಐದು ನಿಮಿಷದ ಕೆಲಸ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ‘ಡಿಸ್ಕ್ ಮ್ಯಾನೇಜ್‌ಮೆಂಟ್’. ಡ್ರೈವ್ ಅಕ್ಷರವೂ ಇಲ್ಲದೆ, ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನಿಡುವ ವ್ಯವಸ್ಥೆ) ಅಂತಲೂ ಇಲ್ಲದೆ, ನೀವು ಬರೆದಿಟ್ಟ ಅಳತೆಗೆ ಹೊಂದುವುದೇ ಉಬುಂಟುವಿನದು. ‘ಇಎಫ್‌ಐ’, ‘ರಿಕವರಿ’ ಅಂತ ಬರೆದಿರುವುದನ್ನು ಮುಟ್ಟಬೇಡಿ. ರೈಟ್ ಕ್ಲಿಕ್, ‘ಡಿಲೀಟ್ ವಾಲ್ಯೂಮ್’. ಪ್ರತ್ಯೇಕ ಸ್ವಾಪ್ ಪಾರ್ಟಿಶನ್ (ಮೆಮೊರಿ ಸಾಲದಾದಾಗ ಲಿನಕ್ಸ್ ಬಳಸುವ ಜಾಗ) ಇದ್ದರೆ ಅದಕ್ಕೂ ಹೀಗೇ. ಆ ಜಾಗ ಕಪ್ಪು ಪಟ್ಟಿಯಾಗಿ ‘ಅನ್‌ಅಲೊಕೇಟೆಡ್’ ಅಂತ ಕಾಣುತ್ತದೆ. ಅಕಸ್ಮಾತ್ ತಪ್ಪು ಪಾರ್ಟಿಶನ್ ಅಳಿಸಿದರೆ ಅಲ್ಲಿಗೇ ನಿಲ್ಲಿಸಿ. ಆ ಜಾಗದಲ್ಲಿ ಹೊಸದಾಗಿ ಏನೂ ಬರೆಯದಿದ್ದರೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಪ್ರೋಗ್ರಾಂ ಅದನ್ನು ಹುಡುಕಿಕೊಡುವ ಸಾಧ್ಯತೆ ಇರುತ್ತದೆ.

ಇನ್ನು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಕೊಡಿ. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಆ ಆಯ್ಕೆ ಮಂಕಾಗಿರುತ್ತದೆ. ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೆ, ಅಂಟಿಕೊಂಡೇ ಇರಬೇಕು. ನಡುವೆ ರಿಕವರಿ ಪಾರ್ಟಿಶನ್ ಕೂತಿದ್ದರೆ ವಿಂಡೋಸ್ ಕೈ ಎತ್ತಿಬಿಡುತ್ತದೆ. ಜಿಪಾರ್ಟೆಡ್ (ಪಾರ್ಟಿಶನ್ ತಿದ್ದುವ ಪ್ರೋಗ್ರಾಂ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಆ ಪಾರ್ಟಿಶನ್ ಅನ್ನು ಆಚೆ ಸರಿಸಬಹುದು, ಆದರೆ ನಡುವೆ ಕರೆಂಟ್ ಹೋದರೆ ಡೇಟಾ ಹಾಳು. ಖಾಲಿ ಜಾಗ ಎಡಕ್ಕಿದ್ದರೆ ಇನ್ನೂ ರಗಳೆ, ಸಿ ಡ್ರೈವನ್ನೇ ಸರಿಸಬೇಕು. ನನ್ನನ್ನು ಕೇಳಿದರೆ ಈ ಸಾಹಸ ಬೇಡ. ಖಾಲಿ ಜಾಗದಲ್ಲಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಟ್ಟು ಡಿ ಡ್ರೈವ್ ಮಾಡಿಕೊಂಡು, ಫೋಟೋ, ವಿಡಿಯೋ ಎಲ್ಲ ಅಲ್ಲಿಗೆ ಸಾಗಿಸಿ. ಸಿ ಡ್ರೈವ್ ತಾನಾಗಿ ಹಗುರಾಗುತ್ತದೆ.

ಇಷ್ಟಾದ ಮೇಲೂ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಅನ್ನೋ ಹೆಸರು ಉಳಿದಿರುತ್ತದೆ. ಆ ಹೆಸರು ಮದರ್‌ಬೋರ್ಡಿನ ಮೆಮೊರಿಯಲ್ಲಿ ದಾಖಲಾಗಿರುತ್ತದೆ, ಇಎಫ್‌ಐ ಪಾರ್ಟಿಶನ್‌ನಲ್ಲಿ ಉಬುಂಟು ಫೋಲ್ಡರ್ ಕೂಡ ಇನ್ನೂ ಇರುತ್ತದೆ. ಆ ಫೋಲ್ಡರ್ ತಿನ್ನುವುದು ಕೆಲವೇ ಎಂಬಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಮೌಂಟ್‌ವಾಲ್’ ಬಳಸಿ ಆ ಪಾರ್ಟಿಶನ್‌ಗೆ ಅಕ್ಷರ ಕೊಟ್ಟು ಉಬುಂಟು ಫೋಲ್ಡರ್ ಒಂದನ್ನೇ ಅಳಿಸಬಹುದು, ಪಟ್ಟಿಯ ಹೆಸರನ್ನು ‘ಬಿಸಿಡಿಎಡಿಟ್’ನಿಂದ ತೆಗೆಯಬಹುದು. ನಾನಂತೂ ಈಗಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಗೇ ಬಿಟ್ಟಿದ್ದೇನೆ. ವಿಂಡೋಸ್ ಮೇಲಿದೆ, ಅದರ ಪಾಡಿಗೆ ಅದು ಕೆಳಗೆ ಬಿದ್ದಿದೆ.