ಚರ್ಚೆಗೆ ಬೇಕಾದದ್ದು ಓದು, ಭರ್ತಿ ಮಾಡಿದ ಹಾಳೆಯಲ್ಲ

ಶಾಲೆಗಳು ಶುರುವಾದರೆ ಸಾಕು, ಓದಿದ ಪುಸ್ತಕದ ಬಗ್ಗೆ ಮಕ್ಕಳು ಗುಂಪಿನಲ್ಲಿ ಚರ್ಚಿಸುವಂತೆ ಮಾಡುವುದು ಹೇಗೆ ಎಂಬ ಒಂದೇ ಪ್ರಶ್ನೆ ಕನ್ನಡ ಶಿಕ್ಷಕರಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಈ ಬಾರಿ ವಿವರವಾಗಿಯೇ ಉತ್ತರಿಸುತ್ತೇನೆ.

ಒಂಬತ್ತನೆಯ ತರಗತಿಗೆ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಲು ಕೊಟ್ಟಿದ್ದೇನೆ. ನಾಲ್ವರ ಗುಂಪು ಮಾಡಿ ಒಬ್ಬರಿಗೆ ಸಾರಾಂಶ, ಒಬ್ಬರಿಗೆ ಪ್ರಶ್ನೆ, ಒಬ್ಬರಿಗೆ ಕಠಿಣ ಪದ, ಒಬ್ಬರಿಗೆ ಚಿತ್ರ ಎಂದು ಹಂಚಿ, ಭರ್ತಿ ಮಾಡಲು ಹಾಳೆ ಕೊಟ್ಟೆ. ಚರ್ಚೆಗೆ ಕೂರಿಸಿದರೆ ಬರೆದದ್ದನ್ನು ಸರದಿಯಂತೆ ಓದಿ ಸುಮ್ಮನಾಗುತ್ತಾರೆ. ಏನು ಸಿದ್ಧತೆ ಮಾಡಿಸಬೇಕು?

ಹಾಳೆ ತುಂಬಿಸಿ ಎಂದಿರಿ, ತುಂಬಿಸಿದರು. ಓದಿ ಹೇಳಿ ಎಂದಿರಿ, ಹೇಳಿದರು. ತಪ್ಪು ಮಕ್ಕಳದ್ದಲ್ಲ. ಹೀಗೆ ಪಾತ್ರ ಹಂಚುವ ಕ್ರಮವನ್ನು 1994ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದವರು ಅಮೆರಿಕದ ಶಿಕ್ಷಣತಜ್ಞ ಹಾರ್ವಿ ಡೇನಿಯಲ್ಸ್. ಆ ಹಾಳೆಗಳಿಂದ ಮಾತು ಯಾಂತ್ರಿಕವಾಗುತ್ತದೆ ಎಂದು 2002ರ ಪರಿಷ್ಕೃತ ಆವೃತ್ತಿಯಲ್ಲಿ ಎಚ್ಚರಿಸಿದವರೂ ಅವರೇ. ನಮ್ಮ ತರಬೇತಿಗಳಿಗೆ ಹಾಳೆ ಬಂತು, ಎಚ್ಚರಿಕೆ ಬರಲಿಲ್ಲ. ಇದು ನನಗೆ ತುಂಬಾ ಬೇಸರದ ಸಂಗತಿ.

ಹಾಳೆಯನ್ನು ಬದಿಗಿಡಿ. ಓದುವಾಗ ಪ್ರತಿ ವಿದ್ಯಾರ್ಥಿಯ ಪುಸ್ತಕದಲ್ಲಿ ಮೂರು ಕಾಗದದ ಚೂರುಗಳಿರಲಿ. ಅರ್ಥವಾಗದ ಕಡೆ ಒಂದು, ಇಷ್ಟವಾದ ಕಡೆ ಒಂದು, ಒಪ್ಪಲಾಗದ ಕಡೆ ಒಂದು. ಚೂರಿನ ಮೇಲೆ ಏಕೆ ಎಂದು ಒಂದೇ ಸಾಲು ಬರೆಯಲಿ. ಚರ್ಚೆಗೆ ಅಷ್ಟು ತಂದರೆ ಸಾಕು.

ಇನ್ನು ಪ್ರಶ್ನೆ. ‘ಮಂದಣ್ಣ ಯಾರು?’ ಎಂದು ಕೇಳಿದರೆ ಒಬ್ಬ ಹುಡುಗಿ ಒಂದು ವಾಕ್ಯ ಹೇಳುತ್ತಾಳೆ, ಉಳಿದ ಮೂವರಿಗೆ ಕೆಲಸವಿಲ್ಲ. ‘ಊರಿನವರಿಗೆ ಕೆಲಸಕ್ಕೆ ಬಾರದವನಾಗಿ ಕಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಕಂಡದ್ದೇನು? ನಿರೂಪಕನಿಗೆ ಅದು ಬೇಗ ಏಕೆ ಕಾಣಲಿಲ್ಲ?’ ಎಂದು ಕೇಳಿ ನೋಡಿ. ನಾಲ್ವರೂ ಪುಟ ತಿರುವಲೇಬೇಕು. ಕಾದಂಬರಿಯಲ್ಲಿ ಇವರೆಲ್ಲ ಹುಡುಕಿಕೊಂಡು ಹೋಗುವ ಹಾರುವ ಓತಿ ಕೊನೆಗೆ ಕೈಗೆ ಸಿಗುವುದಿಲ್ಲ. ಸಿಕ್ಕಿಬಿಟ್ಟಿದ್ದರೆ ಅಷ್ಟು ದೂರದ ಕಾಡಿನ ಅಲೆದಾಟಕ್ಕೆ ಬೇರೆ ಅರ್ಥ ಬರುತ್ತಿತ್ತೇ? ಈ ಪ್ರಶ್ನೆಗೆ ನನ್ನ ಬಳಿಯೂ ಸಿದ್ಧ ಉತ್ತರವಿಲ್ಲ, ಅದಕ್ಕೇ ಅದು ಒಳ್ಳೆಯ ಪ್ರಶ್ನೆ. ಉತ್ತರ ನಿಮಗೆ ಮೊದಲೇ ಗೊತ್ತಿದ್ದರೆ ಮಕ್ಕಳು ಪುಸ್ತಕ ಬಿಟ್ಟು ನಿಮ್ಮ ಮುಖ ನೋಡುತ್ತಾರೆ.

ಇಂಥ ಪ್ರಶ್ನೆ ಕಟ್ಟುವುದನ್ನು ಹಿಂದಿನ ದಿನವೇ ಕಲಿಸಿ. ಬೋರ್ಡಿನ ಮೇಲೆ ಮಕ್ಕಳದೇ ಒಂದು ದುರ್ಬಲ ಪ್ರಶ್ನೆಯನ್ನು ಬರೆದು, ಅವರಿಂದಲೇ ಅದನ್ನು ತಿದ್ದಿಸಿ. ಆಮೇಲೆ ಒಂದು ಗುಂಪನ್ನು ನಡುವೆ ಕೂರಿಸಿ ಹತ್ತು ನಿಮಿಷ ಮಾತನಾಡಿಸಿ, ಉಳಿದವರು ನೋಡಲಿ. ‘ಯಾವ ಪುಟದಲ್ಲಿದೆ?’, ‘ನೀನು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ’, ‘ನನಗೆ ಹಾಗನ್ನಿಸಲಿಲ್ಲ, ಏಕೆಂದರೆ…’ ಈ ಮಾತುಗಳು ಮಕ್ಕಳಿಗೆ ತಾವಾಗಿ ಬರುವುದಿಲ್ಲ, ಕೇಳಿ ಕಲಿಯಬೇಕು. ಚರ್ಚೆ ನಡೆಯುವಾಗ ನೀವು ಗುಂಪಿನ ಪಕ್ಕ ಕುಳಿತು ಕೇಳಿ. ಮೌನವಾದ ಕೂಡಲೇ ಬಾಯಿ ಹಾಕಬೇಡಿ. ಪುಟ ಹುಡುಕುವ ಮಗುವಿಗೆ ಆ ಮೌನ ಬೇಕು.

ಪುಸ್ತಕದ ಒಂದೇ ಪ್ರತಿ ಇದೆ. ಏನು ಮಾಡಲಿ?

ಇದು ನಿಜವಾದ ಕಷ್ಟ, ನೆಪವಲ್ಲ. ಇಡೀ ಕಾದಂಬರಿಯ ಆಸೆ ಬಿಟ್ಟು ಒಂದು ಸಣ್ಣ ಕಥೆಯನ್ನೋ ಒಂದು ಅಧ್ಯಾಯವನ್ನೋ ತರಗತಿಯಲ್ಲಿ ಗಟ್ಟಿಯಾಗಿ ಓದಿ. ಕೇಳಿಸಿಕೊಂಡೂ ಚರ್ಚಿಸಬಹುದು.

ಮಗ ಗುಂಪಿನಲ್ಲಿ ಮಾತನಾಡುವುದಿಲ್ಲ. ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಸೇರಿಸಲೇ?

ಬೇಡವೇ ಬೇಡ. ನಾಲ್ಕು ದಿನ ಮೈಕ್ ಹಿಡಿಸಿ ಆತ್ಮವಿಶ್ವಾಸ ಮಾರುವವರಿಗೆ ಹಣ ಸುರಿಯಬೇಡಿ. ಸಂಕೋಚದ ಮಗುವಿಗೆ ತನ್ನ ಚೂರನ್ನು ಮೊದಲು ಪಕ್ಕದವನಿಗೆ ಓದಿ ಹೇಳುವ ಅವಕಾಶ ಕೊಡಿ ಎಂದು ಅವನ ಶಿಕ್ಷಕರನ್ನು ಕೇಳಿಕೊಳ್ಳಿ. ಕೇಳುತ್ತಾ ಕುಳಿತವನೂ ಚರ್ಚೆಯಲ್ಲಿದ್ದಾನೆ.

ಗೈಡಿನ ಸಾರಾಂಶ ಓದಿ ಬರಬಹುದೇ?

ಕೂಡದು.

ಚರ್ಚೆಗೆ ಅಂಕ ಕೊಡಬೇಕೇ?

ಮಾತಿಗೆ ಕೊಟ್ಟರೆ ಬಾಯಿ ಜೋರಿರುವವರೇ ಗೆಲ್ಲುತ್ತಾರೆ. ಅಂಕ ಕೊಡಲೇಬೇಕೆಂದಿದ್ದರೆ ಆ ಕಾಗದದ ಚೂರುಗಳಿಗೆ ಕೊಡಿ.