ಹೊಸ ಕಾನೂನು ಬಂದ ಮೇಲೂ ಎಫ್‌ಐಆರ್‌ನಲ್ಲಿ ಹಳೆಯ ಕಲಂ ಏಕೆ?

ಬಳ್ಳಾರಿಯಲ್ಲಿ 2024ರ ಜೂನ್ ಕೊನೆಯಲ್ಲಿ ಸರ ಕಿತ್ತುಕೊಂಡು ಹೋದ ಬಗ್ಗೆ ಜುಲೈನಲ್ಲಿ ದೂರು ಕೊಟ್ಟರೂ, ಎಫ್‌ಐಆರ್‌ನಲ್ಲಿ ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) ಕಲಮೇ ಇದೆಯಲ್ಲ ಎಂದು ಕೇಳಿದ್ದೀರಿ.

ಅದು ಪೊಲೀಸರ ತಪ್ಪಲ್ಲ. ಅಪರಾಧಕ್ಕೆ ಯಾವ ಕಾನೂನು ಎಂಬುದನ್ನು ನಿರ್ಧರಿಸುವುದು ಕೃತ್ಯ ನಡೆದ ದಿನ, ದೂರು ಕೊಟ್ಟ ದಿನವಲ್ಲ. 1860ರ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ರಂದು.

ಇದರ ಬೇರು ಸಂವಿಧಾನದ 20(1)ನೇ ವಿಧಿಯಲ್ಲಿದೆ: ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮೀರಿದ್ದಕ್ಕೆ ಮಾತ್ರ ಶಿಕ್ಷೆ, ಅದೂ ಆಗ ಇದ್ದದ್ದಕ್ಕಿಂತ ಹೆಚ್ಚಿಲ್ಲ. ಇಲ್ಲದಿದ್ದರೆ ನಿನ್ನೆಯ ಕೆಲಸಕ್ಕೆ ಇಂದು ಕಾನೂನು ಮಾಡಿ ಯಾರನ್ನು ಬೇಕಾದರೂ ಜೈಲಿಗೆ ಕಳುಹಿಸಬಹುದಿತ್ತು. ಸರಗಳ್ಳತನವೇ ಒಳ್ಳೆಯ ಉದಾಹರಣೆ. ಐಪಿಸಿಯಲ್ಲಿ ಅದಕ್ಕೆ ಪ್ರತ್ಯೇಕ ಕಲಮೇ ಇರಲಿಲ್ಲ. ಕಳ್ಳತನ ಎಂದು 379 ಹಾಕುತ್ತಿದ್ದರು, ಬಲಪ್ರಯೋಗವಾಗಿದ್ದರೆ ಸುಲಿಗೆ ಎಂದು 392. ಹೊಸ ಸಂಹಿತೆ 304ನೇ ಕಲಮಿನಲ್ಲಿ ಕಿತ್ತುಕೊಳ್ಳುವುದನ್ನೇ ಬೇರೆ ಅಪರಾಧವನ್ನಾಗಿ ಮಾಡಿತು. ಜೂನ್‌ನಲ್ಲಿ ಇಲ್ಲದ ಆ ಅಪರಾಧವನ್ನು ಜೂನ್‌ನ ಕಳ್ಳನ ಮೇಲೆ ಹೊರಿಸಲಾಗದು.

ಗೊಂದಲ ಹುಟ್ಟಿಸುವ ಇನ್ನೊಂದು ಸಂಗತಿ: ನಿಮ್ಮ ಎಫ್‌ಐಆರ್‌ನ ತಲೆಬರಹದಲ್ಲಿ, ಅದೇ ಜುಲೈ 1ರಂದು ಜಾರಿಗೆ ಬಂದ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕಾಣಬಹುದು. ಅದೂ ಸರಿಯೇ. ತನಿಖೆ, ಬಂಧನ, ಜಾಮೀನು ಮುಂತಾದ ವಿಧಾನಗಳಿಗೆ ಕೃತ್ಯದ ದಿನ ಅಳತೆಗೋಲಲ್ಲ. ಜುಲೈ 1ರ ವೇಳೆಗೆ ತನಿಖೆಯೋ ವಿಚಾರಣೆಯೋ ಬಾಕಿ ಇದ್ದ ಪ್ರಕರಣಗಳು ಹಳೆಯ ವಿಧಾನದಲ್ಲೇ ಮುಂದುವರಿಯುತ್ತವೆ. ನಿಮ್ಮದು ಆಮೇಲೆ ದಾಖಲಾದದ್ದು, ಆದ್ದರಿಂದ ಕಲಂ ಹಳೆಯದು, ವಿಧಾನ ಹೊಸದು.